ಮೊದಲ ಸಿಜೇರಿಯನ್ನಿನ ಕಾಗದ ಎಲ್ಲಿದೆ?



ಒಮ್ಮೆ ಸಿಜೇರಿಯನ್ ಆದವಳಿಗೆ ಮುಂದಿನ ಹೆರಿಗೆ ಸಹಜವಾಗಿ ಆಗಬಹುದೇ? ಆಗಬಹುದು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದ ಒಂದೇ ಗಾಯವಿದ್ದು, ಬೇರೆ ತೊಡಕಿಲ್ಲದವರು ಪ್ರಯತ್ನಿಸಿದರೆ 100ರಲ್ಲಿ 72ರಿಂದ 75 ಮಂದಿ ಸಹಜವಾಗಿ ಹೆರುತ್ತಾರೆ. ಹಿಂದೆ ಒಮ್ಮೆ ಸಹಜ ಹೆರಿಗೆಯೂ ಆಗಿದ್ದರೆ ಆ ಸಂಖ್ಯೆ 85–90ಕ್ಕೆ ಏರುತ್ತದೆ. ಇದರಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ. ಯಾರಿಗೆ, ಎಲ್ಲಿ, ಯಾವ ದಾಖಲೆ ನೋಡಿಕೊಂಡು ನಾವು ಹೂಂ ಅನ್ನಬೇಕು ಎಂಬುದನ್ನು ಇವತ್ತು ಮಾತಾಡೋಣ.

ಒಮ್ಮೆ ಸಿಜೇರಿಯನ್ ಆದರೆ ಮುಂದೆಯೂ ಅದೇ ಗತಿ ಎಂಬ ಮಾತನ್ನು 1916ರಲ್ಲಿ ಹೇಳಿದವರು ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್. ಮೊದಲ ಆಪರೇಷನ್ನನ್ನು ಸುಮ್ಮಸುಮ್ಮನೆ ಮಾಡಬೇಡಿ ಎಂದು ಎಚ್ಚರಿಸಲು ಅವರು ಅದನ್ನು ಹೇಳಿದ್ದು. ನಾವು ಎಚ್ಚರಿಕೆಯನ್ನು ಬಿಟ್ಟು ಉಳಿದರ್ಧವನ್ನಷ್ಟೇ ಇಟ್ಟುಕೊಂಡೆವು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಆ ಗಾಯ ಹೆರಿಗೆ ನೋವಿನ ಹೊತ್ತಿಗೆ ಬಿರಿಯುವ ಭಯ ದೊಡ್ಡದಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗದ ಅಡ್ಡ ಕೊಯ್ತವನ್ನು ರೂಢಿಗೆ ತಂದ ಮೇಲೆ ಲೆಕ್ಕವೇ ಬದಲಾಯಿತು.

ನಮ್ಮ ರಾಜ್ಯದ ಲೆಕ್ಕಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಸಿಜೇರಿಯನ್ ಪ್ರಮಾಣ ಶೇ. 23.6, ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಶೇ. 31.5. ಸಿಜೇರಿಯನ್ ಆದವರಲ್ಲಿ ಎರಡನೇ ಮಗುವಿಗೆ ಬರುವ ಪ್ರತಿಯೊಬ್ಬಳೂ ಹಳೆಯ ಹೊಲಿಗೆ ಹೊತ್ತೇ ನಮ್ಮ ಬಾಗಿಲಿಗೆ ಬರುತ್ತಾಳೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗವಿರಲಿ, ಭದ್ರಾವತಿಯ ನರ್ಸಿಂಗ್ ಹೋಮ್ ಇರಲಿ, ಅವಳು ಬಂದು ಕೂತಾಗ ನಡೆಯುವ ಮಾತು ನಿಮಗೆಲ್ಲ ಗೊತ್ತು. ಮೊದಲ ಸಲ ಯಾಕಮ್ಮ ಆಪರೇಷನ್ ಮಾಡಿದ್ರು? "ನೀರು ಕಮ್ಮಿ ಇತ್ತಂತೆ." "ಬಳ್ಳಿ ಸುತ್ತಿಕೊಂಡಿತ್ತಂತೆ." "ಮಗು ಒಳಗೇ ಮಲ ಮಾಡಿಕೊಂಡಿತ್ತಂತೆ." ಎಲ್ಲವೂ 'ಅಂತೆ'ಯಲ್ಲೇ ಮುಗಿಯುತ್ತದೆ. ಕಾಗದ ಎಲ್ಲಿ ಎಂದರೆ ತವರಿನಲ್ಲಿದೆ. ನಮ್ಮ ಕಡೆ ಚೊಚ್ಚಲು ಬಾಣಂತನ ತವರಿನದ್ದಲ್ಲವೇ. ಡಿಸ್ಚಾರ್ಜ್ ಚೀಟಿ ಅಲ್ಲಿಯ ಬೀರುವಿನಲ್ಲೇ ಉಳಿದಿರುತ್ತದೆ, ಇಲ್ಲವೇ ಮಳೆಗಾಲದಲ್ಲಿ ಒದ್ದೆಯಾಗಿ ಹೋಗಿರುತ್ತದೆ. ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ 'ಪ್ರೀವಿಯಸ್ ಎಲ್‌ಎಸ್‌ಸಿಎಸ್', ಅಂದರೆ ಹಿಂದೆ ಸಿಜೇರಿಯನ್ ಆಗಿದೆ, ಎಂಬೆರಡು ಪದ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನ ಗಾಯ ಅಡ್ಡವೋ ಉದ್ದವೋ ಹೇಳಲಾಗುವುದಿಲ್ಲ. ಮಗು ಅಡಿಮೇಲಾಗಿದ್ದಕ್ಕೆ ಮಾಡಿದ್ದೋ, ಗರ್ಭಕೋಶದ ಬಾಯಿ ಪೂರ್ತಿ ತೆರೆದೂ ತಲೆ ಇಳಿಯದ್ದಕ್ಕೆ ಮಾಡಿದ್ದೋ? ಕಾರಣ ತಿಳಿದರೆ ಈ ಸಲದ ಅಂದಾಜು ಹಾಕಬಹುದು. ತಿಳಿಯದೆ ವೈದ್ಯರು ಮತ್ತೆ ಚಾಕುವನ್ನೇ ಆರಿಸಿಕೊಂಡರೆ ಅವರನ್ನು ನಾನು ದೂರಲಾರೆ.

ಖಾಸಗಿಯವರಿಗೆ ದುಡ್ಡಿನ ಆಸೆ ಎಂದು ಬೈದು ಮುಗಿಸುವುದು ಸುಲಭ. ಒಬ್ಬರೇ ವೈದ್ಯೆ ನಡೆಸುವ ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ಗಂಟೆ ಹಾಸಿಗೆಯ ಪಕ್ಕ ಕೂತು ಮಗುವಿನ ಎದೆಬಡಿತ ಕೇಳುವವರು ಯಾರು, ಅದನ್ನೂ ಕೇಳಬೇಕಲ್ಲ? ಮನೆಯವರೂ ಕಮ್ಮಿಯಿಲ್ಲ. "ಹೇಗೂ ಇದೇ ಕೊನೆ, ಮಕ್ಕಳಾಗದ ಆಪರೇಷನ್ನೂ ಜೊತೆಗೇ ಆಗಿಬಿಡಲಿ" ಎನ್ನುವ ಅತ್ತೆ, ಒಳ್ಳೆಯ ನಕ್ಷತ್ರ ಹುಡುಕಿಕೊಂಡು ಬರುವ ಮಾವ! ಸಹಜ ಹೆರಿಗೆಯ ನಂತರವೂ ಸಣ್ಣ ಕೊಯ್ತದಲ್ಲಿ ಸಂತಾನಹರಣ ಮಾಡಬಹುದು, ಕಾಪರ್-ಟಿ ಹಾಕಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸಿಜೇರಿಯನ್ ಹೆಚ್ಚಿದಷ್ಟೂ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಕಚ್ಚಿಕೊಂಡು ರಕ್ತಸ್ರಾವವಾಗುವ ಅಪಾಯವೂ ಹೆಚ್ಚುತ್ತದೆ ಎಂಬುದನ್ನೂ ಹೇಳಿರುವುದಿಲ್ಲ.

ಆದರೂ ಉತ್ಸಾಹಕ್ಕೆ ಕಡಿವಾಣ ಬೇಕು. ಸಹಜ ಹೆರಿಗೆಗೆ ಪ್ರಯತ್ನಿಸುವಾಗ ಅಡ್ಡ ಕೊಯ್ತದ ಗಾಯವೂ 200ರಲ್ಲಿ ಸುಮಾರು ಒಬ್ಬರಿಗೆ ಬಿರಿಯುತ್ತದೆ. ಅನೇಕ ಸಲ ಅದರ ಮೊದಲ ಸುಳಿವು ಮಗುವಿನ ಎದೆಬಡಿತದ ಏರುಪೇರು. ಪೂರ್ತಿ ಬಿರಿದರೆ ಮಗುವನ್ನು ಉಳಿಸಲು ಸಿಗುವುದು ನಿಮಿಷಗಳು ಮಾತ್ರ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ಗಾಯ ಬಿರಿದ ಮೇಲೆ 108ಕ್ಕೆ ಫೋನ್ ಮಾಡಿ ಆ ದಾರಿ ಹಿಡಿಯುವುದು ಚಿಕಿತ್ಸೆಯಲ್ಲ. ರಾತ್ರಿ ಎರಡಕ್ಕೂ ಅರಿವಳಿಕೆ ತಜ್ಞರು, ತೆರೆದ ಥಿಯೇಟರ್, ಹೊಂದುವ ರಕ್ತ ಒಂದೇ ಕಡೆ ಸಿಗದ ಜಾಗದಲ್ಲಿ ಈ ಪ್ರಯತ್ನ ಬೇಡ. ಹೊಲಿಗೆ ಇರುವ ಗರ್ಭಕೋಶಕ್ಕೆ ನೋವು ಬರಿಸಲು ಮಿಸೊಪ್ರೊಸ್ಟಾಲ್ ಅಂತೂ ಬೇಡವೇ ಬೇಡ. ಎಲ್ಲ ಕೇಳಿ, ತಿಳಿದು, "ನನಗೆ ಆಪರೇಷನ್ನೇ ಇರಲಿ" ಎಂದು ಹೆಂಗಸು ಹೇಳಿದರೆ ಅದೂ ಸರಿಯಾದ ಉತ್ತರವೇ.

ಹಾಗಾಗಿ ಎರಡು ಕೋರಿಕೆ. ಸಿಜೇರಿಯನ್ ಆದ ಪ್ರತಿ ತಾಯಿಯನ್ನು ಮನೆಗೆ ಕಳಿಸುವಾಗ ತಾಯಿ ಕಾರ್ಡಿನಲ್ಲಿ ಕೊಯ್ತ ಯಾವುದು, ಕಾರಣವೇನು, ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು, ಮುಂದಿನ ಸಲ ಪ್ರಯತ್ನಿಸಬಹುದೇ ಎಂದು ಕನ್ನಡದಲ್ಲಿ ಬರೆಯಿರಿ. ಅದರ ಫೋಟೋವನ್ನು ಅವಳ ಮೊಬೈಲಿನಲ್ಲೇ ತೆಗೆಸಿ. ಇನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಇಂಥ ಹೆರಿಗೆಯನ್ನು ಹಗಲಿರುಳು ನಿಭಾಯಿಸಬಲ್ಲ ಆಸ್ಪತ್ರೆಗಳು ಯಾವುವು ಎಂದು ಪಟ್ಟಿ ಮಾಡಿ, ಸಂಜೆ ಹೊರಡುವ ಮೊದಲು ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ.