ಕೆಂಪು ಸಮುದ್ರದ ಕಾವಲುಗಾರ



ಇಸ್ರಾಯೇಲ್ಯರು ದಾಟಿದರೆಂದು ನಾವು ಓದುವ ಕೆಂಪು ಸಮುದ್ರದಲ್ಲಿ, ಹವಳದ ದಿಬ್ಬಗಳ ಬಳಿಯ ಮರಳಿನ ಮೇಲೆ ಬೆರಳುದ್ದದ ಮೀನೊಂದಿದೆ. ಹೆಸರು ಗೋಬಿ. (ಹೂಕೋಸಲ್ಲ!) ಅದಿರುವ ಬಿಲವನ್ನು ತೋಡುವುದು ಒಂದು ಸೀಗಡಿ. ಸೀಗಡಿಗೆ ಕಣ್ಣು ಮಂದ. ಹಗಲೆಲ್ಲ ಮರಳು ಹೊರಹಾಕುವಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಕೊಲ್ಲುವ ಮೀನು ಬಂದರೆ ಗೋಬಿ ಬಾಲ ಅದುರಿಸುತ್ತದೆ. ಸೀಗಡಿ ತಟ್ಟನೆ ಒಳಗೆ. ಅಪಾಯ ತೀರಾ ಹತ್ತಿರವಾದರೆ ಗೋಬಿಯೂ ಒಳಗೆ.

ಈ ಗೋಬಿ ಬಿಲ ತೋಡುವುದಿಲ್ಲ. ಹಾಗೆಂದು ಸೋಮಾರಿಯೇ? ಎಲೆ ಕೊಯ್ಯುವುದು ಬಿಟ್ಟು ನಮ್ಮ ಪರವಾಗಿ ಕೂಲಿಯ ಮಾತುಕತೆಗೆ ಹೋದವರನ್ನು ನಾವು ಹಾಗೆಯೇ ಆಡಿಕೊಂಡೆವು. ಅದು ನಮ್ಮ ತಪ್ಪು. ಆದರೆ ಹೋದವರೂ ನಮ್ಮ ಮೀಸೆಗೆ ತಾಗದಷ್ಟು ದೂರ ನಿಂತರು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಅವರನ್ನೂ ಕೂರಿಸಿಕೊಂಡು ಮಾತಾಡೋಣ.