ಕಡಿಮೆ ಓಡಿದ ಹಳೆಯ ಕಾರು

ಹಳೆಯ ಕಾರೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಓಡಿದೆ?" ಎಂಬುದು. "ಬಹಳ ಕಡಿಮೆ" ಎಂದರೆ ಅವರ ಮುಖ ಅರಳುತ್ತದೆ. "ಹಾಗಾದರೆ ಎಷ್ಟು ಕಾಲ ನಿಂತಿದೆ?" ಎಂದು ಮರುಪ್ರಶ್ನೆ ಹಾಕಿದವರನ್ನು ನಾನು ಇದುವರೆಗೆ ಕಂಡಿಲ್ಲ. ಒಂಬತ್ತು ವರ್ಷ ನಾನೂ ಆ ಪ್ರಶ್ನೆಯನ್ನು ಕೇಳಿಕೊಂಡವನಲ್ಲ. ಅದರ ಫಲವೇನಾಯಿತೆಂಬುದನ್ನು ಮೊದಲು ಹೇಳಿ, ಇಂಥ ವಾಹನಕ್ಕೆ ಯಾವ ಆರೈಕೆ ಬೇಕು, ಯಾವುದು ಬೇಡ ಎಂಬ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ನಮ್ಮ ಮನೆ. ನಾನು ಪಾಠ ಹೇಳುವ ಶಾಲೆ ಮನೆಯಿಂದ ಕೂಗಳತೆಯಲ್ಲಿದೆ, ನಡೆದೇ ಹೋಗುತ್ತೇನೆ. 2008ರಲ್ಲಿ ಒಂದು ಮಾರುತಿ 800 ಕಾರು ಕೊಂಡೆ. ಅದು ಏಳುವುದು ಮದುವೆ, ಮುಂಜಿವೆ, ಕಲಘಟಗಿಯ ಸಂತೆ, ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ಓಣಿಯ ಯಾರನ್ನಾದರೂ ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸುವ ಸಂದರ್ಭ, ಇಷ್ಟಕ್ಕೇ. ಈ ಕಡೆಯ ಕೆಲಸ ವರ್ಷಕ್ಕೆ ಎರಡೋ ಮೂರೋ ಸಲ ಬರುವಂಥದು. ಆದರೆ ಬಂದ ರಾತ್ರಿ ಕಾರು ಹೊರಡಲೇ ಬೇಕು. ಹೊರಟದ್ದು ದಾರಿಯಲ್ಲಿ ನಿಲ್ಲಬಾರದು. ನಿಲ್ಲಿಸಿದಲ್ಲಿ ನಿಲ್ಲದೆಯೂ ಇರಬಾರದು.

2017ರ ಬೇಸಗೆಯಲ್ಲಿ ಮನೆಯವರೆಲ್ಲ ಗೋಕರ್ಣಕ್ಕೆ ಹೊರಟೆವು. ಆಗ ಕಾರು ಓಡಿದ್ದು 19,000 ಕಿಲೋಮೀಟರು. ಒಳಗೆ ಐದು ಜನ, ಮೇಲೆ ಗಂಟುಮೂಟೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯತೊಡಗಿದಾಗ ಮುಂದೆ ಒಂದು ಲಾರಿ; ಅದರ ಹಿಂದೆ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಪೆಡಲು ಮೆತ್ತಗಾಯಿತು. ಮತ್ತೊಂದು ತಿರುವಿನಲ್ಲಿ ಒತ್ತಿದರೆ ನೆಲಕ್ಕೆ ಮುಟ್ಟಿತು. ಕಾರು ಮಾತ್ರ ತಡೆಯಲಿಲ್ಲ. ಗೇರನ್ನು ಮೊದಲನೆಯದಕ್ಕೆ ಇಳಿಸಿ, ಕೈಬ್ರೇಕನ್ನು ಎಳೆಯುತ್ತ, ಗುಡ್ಡದ ಬದಿಯ ಚರಂಡಿಗೆ ಗಾಲಿ ಇಳಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದವು, ಅವಕ್ಕೆ ಏನೂ ತಿಳಿಯಲಿಲ್ಲ. ನನ್ನಾಕೆಗೆ ತಿಳಿಯಿತು. ಮುಕ್ಕಾಲು ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲು ಮೊದಲಿನಂತೆಯೇ ಗಟ್ಟಿಯಾಗಿತ್ತು! ಭೂತಚೇಷ್ಟೆಯಂತೆ ತೋರಿದ ಈ ಸಂಗತಿಗೆ ಕಾರಣ ತಿಳಿದುದು ಊರಿಗೆ ಮರಳಿದ ಮೇಲೆ.

ಕಾಲಿನಿಂದ ಒತ್ತಿದ ಬಲವನ್ನು ಗಾಲಿಗೆ ಮುಟ್ಟಿಸುವುದು ಕೊಳವೆಯೊಳಗಿನ ಒಂದು ದ್ರವ. ಆ ದ್ರವಕ್ಕೆ ಗಾಳಿಯಲ್ಲಿನ ನೀರಿನಂಶವನ್ನು ಹೀರಿಕೊಳ್ಳುವ ಸ್ವಭಾವ ಉಂಟು. ಡಾಟ್ 3 ಎಂಬ ಜಾತಿಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕಾವು ಬೇಕು ಎಂಬುದು ಅದರ ಮಾನ. ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿತೆಂದರೆ ಆ ಮಾನ 140 ಡಿಗ್ರಿಗೆ ಇಳಿಯುತ್ತದೆ. ಘಟ್ಟದಲ್ಲಿ ಎಡೆಬಿಡದೆ ಒತ್ತಿದ ಬ್ರೇಕು ಆ ಕಾವನ್ನು ಸುಲಭವಾಗಿ ಮುಟ್ಟುತ್ತದೆ. ದ್ರವ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತವೆ. ದ್ರವವನ್ನು ಅದುಮಲು ಬಾರದು, ಆವಿಯನ್ನು ಅದುಮಬಹುದು. ಹೀಗಾಗಿ ಕಾಲಿನ ಬಲವೆಲ್ಲ ಗುಳ್ಳೆಯನ್ನು ಅದುಮುವುದರಲ್ಲಿಯೇ ತೀರಿಹೋಗುತ್ತದೆ. ತಣ್ಣಗಾದೊಡನೆ ಆವಿ ಮತ್ತೆ ದ್ರವವಾಗಿ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ನನ್ನ ಕಾರಿನಲ್ಲಿದ್ದುದು ಕಾರ್ಖಾನೆಯಲ್ಲಿ ತುಂಬಿದ ಅದೇ ದ್ರವ. ಒಂಬತ್ತು ಮಳೆಗಾಲದ ನೀರನ್ನು ಕುಡಿದಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದುದನ್ನು, "ಓಡಿಯೇ ಇಲ್ಲವಲ್ಲ" ಎಂದು ನಾನೇ ಮುಂದೂಡಿದ್ದೆ. ತಪ್ಪು ಬೇರೆ ಯಾರದೂ ಅಲ್ಲ.

ಈ ತಪ್ಪಿಗೆ ಮೂಲ ಒಂದು ವಾಕ್ಯವನ್ನು ಅರ್ಧ ಓದಿದ್ದು. ಬಹುಪಾಲು ಕಾರುಗಳೊಡನೆ ಬರುವ ಪುಸ್ತಕದಲ್ಲಿ, ಇಷ್ಟು ಸಾವಿರ ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ನಾವು "ಅಥವಾ" ಎಂಬಲ್ಲಿಗೆ ನಿಲ್ಲಿಸುತ್ತೇವೆ. ವ್ಯಾಕರಣದಲ್ಲಿ ವಿಕಲ್ಪವೆಂದರೆ ಎರಡರಲ್ಲಿ ಮನಸ್ಸಿಗೆ ಬಂದುದನ್ನು ಆರಿಸಿಕೊಳ್ಳಬಹುದು. ಆದರೆ ವ್ಯವಸ್ಥಿತ ವಿಭಾಷೆ ಎಂದು ಇನ್ನೊಂದುಂಟು. ಅಲ್ಲಿ ಯಾವ ಸಂದರ್ಭಕ್ಕೆ ಯಾವುದು ಎಂಬುದು ಗೊತ್ತುಪಡಿಸಿಯೇ ಇರುತ್ತದೆ. ಕಾರಿನ ಪುಸ್ತಕದ "ಅಥವಾ" ಈ ಎರಡನೆಯ ಬಗೆಯದು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವನಿಗೆ ಇದು ಅರಬೈಲ್ ಘಟ್ಟದಲ್ಲಿ ಹೊಳೆಯಬೇಕಾಯಿತು.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಬೇಸಗೆಯಲ್ಲಿ ಬಯಲಿಗೆ ನಿಲ್ಲಿಸಿದ ಚಕ್ಕಡಿಯ ಗಾಲಿ ಒಣಗಿ, ಕಟ್ಟಿಗೆ ಕುಗ್ಗಿ, ಕಬ್ಬಿಣದ ಹಳಿ ಸಡಿಲಾಗುತ್ತಿತ್ತು. ಮುಂಗಾರಿಗೆ ಮೊದಲು ಗಾಲಿಗೆ ನೀರುಣಿಸಿ, ಅಚ್ಚಿಗೆ ಕೀಲೆಣ್ಣೆ ಹಾಕಿಯೇ ಎತ್ತು ಹೂಡುತ್ತಿದ್ದರು. ದಿನವೂ ಹೊಲಕ್ಕೆ ಹೋಗಿಬರುತ್ತಿದ್ದ ಚಕ್ಕಡಿಗೆ ಅಷ್ಟು ಉಪಚಾರ ಬೇಕಾಗುತ್ತಿರಲಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಎರಡು ಕೂಸುಗಳ ನಡುವೆ ಹತ್ತು ವರ್ಷ ಅಟ್ಟದ ಮೇಲಿದ್ದರೂ ಕೆಡದು. ಕಾರು ತೊಟ್ಟಿಲಲ್ಲ, ಚಕ್ಕಡಿಯ ಜಾತಿಯದು.

ಘಟ್ಟದಿಂದ ಬಂದವನು ಹೆದರಿ ಒಂದು ದೊಡ್ಡ ಕಾರ್ಯಾಗಾರಕ್ಕೆ ಹೋದೆ. ಅಲ್ಲಿಯವರು ಉದ್ದನೆಯ ಪಟ್ಟಿ ಕೊಟ್ಟರು: ಇಂಜಿನ್ನಿನ ಒಳಗನ್ನು ಮದ್ದು ಹಾಕಿ ತೊಳೆಯುವುದು, ಮಸಿ ತೆಗೆಯುವುದು, ಇಂಧನ ಚಿಮ್ಮುವ ನಳಿಗೆ ಶುದ್ಧಿ, ಕ್ಲಚ್ಚಿನ ಬದಲಾವಣೆ, ಮೈಗೆ ಹೊಳಪಿನ ಲೇಪ. ಬ್ರೇಕಿನ ದ್ರವ ಪಟ್ಟಿಯ ಕೊನೆಗೆ ಇತ್ತು. ಟೈರಿನ ಹೆಸರೇ ಇರಲಿಲ್ಲ. ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದೆ. ಆಮೇಲೆ ನಮ್ಮ ಕಡೆಯ ಒಬ್ಬ ಹಳೆಯ ಮೇಸ್ತ್ರಿಯ ಮುಂದೆ ಅದನ್ನು ಹರವಿದಾಗ ಅವರು ಒಂದೇ ಮಾತು ಕೇಳಿದರು: "ಇದರಾಗ ತಿರುಗಿ ಸವಿಯೂದು ಯಾವುದು, ಕುಂತು ಕೊಳಿಯೂದು ಯಾವುದು, ಹೇಳ್ರಿ ಮಾಸ್ತರ." ಆ ಪ್ರಶ್ನೆಯೇ ನನಗೆ ಅಂದಿನಿಂದ ಅಳತೆಗೋಲಾಗಿದೆ. ಕ್ಲಚ್ಚು, ಬ್ರೇಕಿನ ಪಟ್ಟೆ, ಬೇರಿಂಗು, ಸ್ಪಾರ್ಕ್ ಪ್ಲಗ್ಗು ಮೊದಲಾದವು ಹೆಚ್ಚಾಗಿ ತಿರುಗಿ ಸವೆಯುವಂಥವು. ಅವುಗಳನ್ನು ನೋಡಿದರೆ ಸಾಕು, ದುಡ್ಡು ಸುರಿಯಬೇಕಾಗಿಲ್ಲ. ಎಣ್ಣೆ, ದ್ರವ, ರಬ್ಬರು, ಬ್ಯಾಟರಿ ಇವು ಕುಳಿತಲ್ಲಿಯೇ ಮುಪ್ಪಾಗುವಂಥವು. ದುಡ್ಡು ಇಲ್ಲಿ ಹೋಗಬೇಕು.

ಇಂಜಿನ್ ಎಣ್ಣೆಯ ವಿಷಯ ನೋಡಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಭಾಗ ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಇಂಜಿನ್ನಿನ ಹೊಟ್ಟೆಗಿಳಿಯುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರು ಒಂದೇ ಓಟಕ್ಕೆ ಓಡಿದರೆ ಎಣ್ಣೆ ಚೆನ್ನಾಗಿ ಕಾದು ಆ ನೀರು ಆರಿಹೋಗುತ್ತದೆ. ಮನೆಯಿಂದ ಗುಡಿಗೆ, ಗುಡಿಯಿಂದ ಮನೆಗೆ ಓಡಿಸಿದ ಕಾರಿನಲ್ಲಿ ಆರುವುದಿಲ್ಲ. ಎಣ್ಣೆಯೊಡನೆ ಕಲೆತು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯ ಕೆನೆಯಂಥದು ಕಂಡರೆ ಇದೇ ಕಾರಣ ಇರಬಹುದು. ಅಲ್ಲಿಗೆ ನೀರು ಬರಲು ಬೇರೆ ದೋಷವೂ ಇದ್ದೀತು. ಮೇಸ್ತ್ರಿಗೆ ತೋರಿಸುವುದು ಲೇಸು. ಆದುದರಿಂದ 2,000 ಕಿಲೋಮೀಟರು ಓಡಿರಲಿ, 500 ಓಡಿರಲಿ, ವರ್ಷಕ್ಕೊಮ್ಮೆ ಎಣ್ಣೆಯನ್ನೂ ಅದರ ಸೋಸುಕವನ್ನೂ ಬದಲಿಸುತ್ತೇನೆ. ತೊಳೆಯುವ ಮದ್ದು ಮಾತ್ರ ಬೇಡವೆಂದೆ. ಒಳಗೆ ಅಂಟಿಕೊಂಡಿದ್ದ ಜಿಡ್ಡು ಒಮ್ಮೆಲೆ ಕಿತ್ತು ಬಂದು ಎಣ್ಣೆಯ ದಾರಿಯನ್ನು ಕಟ್ಟಿಸುವ ಅಪಾಯ ಹಳೆಯ ಇಂಜಿನ್ನಿನಲ್ಲಿ ಉಂಟು.

ಟೈರಿನ ವಯಸ್ಸು ಅದರ ಮೈಮೇಲೆಯೇ ಬರೆದಿರುತ್ತದೆ. ಅಂಚಿನಲ್ಲಿ ನಾಲ್ಕು ಅಂಕಿಗಳನ್ನು ಹುಡುಕಿ. 2308 ಎಂದಿದ್ದರೆ 2008ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ನನ್ನ ಟೈರಿನ ಹಲ್ಲು ಹೊಸದರಂತಿದ್ದುವು. ನೋಡಿದವರೆಲ್ಲ "ಇನ್ನೂ ಹತ್ತು ವರ್ಷ ನಡೆಯುತ್ತವೆ" ಎಂದಿದ್ದರು. ಮೇಸ್ತ್ರಿ ಗಾಳಿ ಇಳಿಸಿ ಪಕ್ಕವನ್ನು ಬಾಗಿಸಿ ತೋರಿಸಿದಾಗ ಒಣಗಿದ ಕೆರೆಯ ತಳದಂತೆ ಬಿರುಕು. ಹತ್ತು ವರ್ಷ ದಾಟಿದ ಟೈರನ್ನು, ಹಲ್ಲು ಎಷ್ಟೇ ಚೆನ್ನಾಗಿರಲಿ, ತೆಗೆದುಬಿಡಬೇಕೆಂದು ಟೈರು ಮಾಡುವವರೇ ಅನೇಕರು ಹೇಳುತ್ತಾರೆ. ಐದಾರು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು. ಡಿಕ್ಕಿಯಲ್ಲಿರುವ ಐದನೆಯದನ್ನು ಮರೆಯಬೇಡಿ. ಅದು ಒಮ್ಮೆಯೂ ನೆಲ ಕಾಣದೆ ಮುದುಕಾಗಿರುತ್ತದೆ.

ಇಂಜಿನ್ನಿನ ಮುಂದೆ ಮುಚ್ಚಳದೊಳಗೆ ಅಡಗಿರುವ ಟೈಮಿಂಗ್ ಬೆಲ್ಟು, ನೀರಿನ ರಬ್ಬರು ಕೊಳವೆಗಳು, ಬ್ರೇಕಿನ ಕೊಳವೆಗಳು ಇವುಗಳದೂ ಇದೇ ಕಥೆ. ಬೆಲ್ಟು ಕಡಿದರೆ ಇಂಜಿನ್ನು ಅಲ್ಲಿಯೇ ನಿಂತಂತೆ. ಕೆಲವು ಇಂಜಿನ್ನುಗಳಲ್ಲಿ ಕವಾಟಗಳು ಪಿಸ್ಟನ್ನಿಗೆ ಬಡಿದು ದೊಡ್ಡ ಹಾನಿಯೂ ಆದೀತು. ದೂರದ ಲೆಕ್ಕದಲ್ಲಿ ನನ್ನ ಬೆಲ್ಟಿಗೆ ಇನ್ನೂ ಬಹಳ ಆಯುಷ್ಯವಿತ್ತು. ವರ್ಷದ ಲೆಕ್ಕ ನೋಡಿ ಬದಲಿಸಿದೆ. ರೇಡಿಯೇಟರಿಗೆ ಬರಿಯ ಬಾವಿಯ ನೀರು ಹಾಕುವ ರೂಢಿ ನಮ್ಮಲ್ಲುಂಟು, ಅದನ್ನು ಬಿಡಬೇಕು. ತುಕ್ಕು ತಡೆಯುವ ದ್ರವ ಹಾಕಿ, ಅದನ್ನೂ ಪುಸ್ತಕ ಹೇಳಿದ ಅವಧಿಗೆ ಬದಲಿಸಬೇಕು.

ಪೆಟ್ರೋಲಿನದು ಈಚಿನ ಸಮಸ್ಯೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬಿನಿಂದ ಮಾತ್ರವಲ್ಲ, ನಮ್ಮ ಹೊಲಗಳಲ್ಲಿ ಬೆಳೆಯುವಂಥ ಗೋವಿನಜೋಳದಿಂದಲೂ ಅದನ್ನು ತೆಗೆಯುತ್ತಾರೆ. ರೈತನಿಗೆ ಅದರಿಂದ ಬೆಲೆ ಬಂದರೆ ನನಗೆ ಸಂತೋಷವೇ. ಆದರೆ ಎಥೆನಾಲಿಗೂ ನೀರನ್ನು ಸೆಳೆಯುವ ಗುಣವಿದೆ. ಹಳೆಯ ಕಾರಿನ ಇಂಧನದ ರಬ್ಬರು ಕೊಳವೆಗಳನ್ನು ಇಷ್ಟು ಬೆರಕೆಯನ್ನು ಎಣಿಸಿ ಮಾಡಿದ್ದಲ್ಲ. ದಿನವೂ ಓಡುವ ಕಾರಿನಲ್ಲಿ ಪೆಟ್ರೋಲು ಬಂದಂತೆ ಖರ್ಚಾಗುತ್ತದೆ. ನಿಂತ ಕಾರಿನಲ್ಲಿ ತಿಂಗಳುಗಟ್ಟಲೆ ತಂಗುತ್ತದೆ. ಒಂದೆರಡು ತಿಂಗಳಲ್ಲಿ ತೀರುವಷ್ಟನ್ನೇ ಹಾಕಿಸುತ್ತೇನೆ. ಕೊಳವೆಗಳನ್ನು ಎಥೆನಾಲ್ ತಾಳುವ ಜಾತಿಗೆ ಬದಲಿಸಿದ್ದೇನೆ. ಬಾನೆಟ್ಟು ಎತ್ತಿದಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಅಂದು ಕಾರನ್ನು ಹೊರಡಿಸುವುದಿಲ್ಲ.

"ವಾರಕ್ಕೊಮ್ಮೆ ಹತ್ತು ನಿಮಿಷ ಸುಮ್ಮನೆ ಚಾಲೂ ಇಡುತ್ತೇವೆ" ಎನ್ನುವವರು ಅನೇಕರಿದ್ದಾರೆ. ಮಗ ಬೆಂಗಳೂರಿನಲ್ಲಿ, ಕಾರು ಧಾರವಾಡದಲ್ಲಿ, ಕೀಲಿಕೈ ವಯಸ್ಸಾದ ತಂದೆಯ ಕೈಯಲ್ಲಿ ಇರುವ ಮನೆಗಳಲ್ಲಿ ಇದು ಸಾಮಾನ್ಯ. ಇದರಿಂದ ಎಣ್ಣೆ ಕಾಯುವುದಿಲ್ಲ, ನೀರು ಮಾತ್ರ ಹುಟ್ಟುತ್ತದೆ. ಹೊರಡಿಸಲು ಬ್ಯಾಟರಿಯಿಂದ ತೆಗೆದುದು ಪೂರ್ತಿ ಮರಳುವುದೂ ಅನುಮಾನ. ಹದಿನೈದು ದಿನಕ್ಕೊಮ್ಮೆ ನಿಜವಾದ ಪ್ರಯಾಣವನ್ನೇ ಮಾಡಿಸಬೇಕು. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟು ತೋರಿಸಿದರೆ ತುಂಬಿದೆ ಎಂದರ್ಥ. 12ರ ಆಸುಪಾಸಿಗೆ ಇಳಿದುದನ್ನು ಹಾಗೆಯೇ ಬಿಟ್ಟರೆ ಅದರ ಸೀಸದ ಹಲಗೆಗಳು ಕೆಡುತ್ತವೆ. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವಾಗ ಕೈಬ್ರೇಕು ಹಾಕಿಡಬಾರದು, ಹಿಂದಿನ ಗಾಲಿಗಳು ಕಚ್ಚಿಕೊಳ್ಳುತ್ತವೆ. ಗೇರಿನಲ್ಲಿಟ್ಟು ಗಾಲಿಗೆ ಕಟ್ಟಿಗೆಯ ತುಂಡು ಕೊಟ್ಟರಾಯಿತು. ಇನ್ನು ಇಲಿ! ಸುಗ್ಗಿಯ ನಂತರ ಒಮ್ಮೆ ಗಾಳಿಯ ಸೋಸುಕದ ಪೆಟ್ಟಿಗೆ ತೆಗೆದರೆ ಒಳಗೆ ಬತ್ತದ ಹೊಟ್ಟಿನ ಮೆತ್ತೆ, ಅದರ ಮೇಲೆ ನಾಲ್ಕು ಮರಿಗಳು. ತಂತಿ ಎರಡು ಕಡೆ ಕಡಿದಿತ್ತು. ಇದಕ್ಕೆ ಯಾವ ಕಂಪನಿಯ ಪುಸ್ತಕದಲ್ಲಿಯೂ ಕಿಲೋಮೀಟರಿನ ಲೆಕ್ಕವಿಲ್ಲ.

ಇಷ್ಟೆಲ್ಲ ಮಾಡುವ ಬದಲು ಮಾರಿಬಿಡಬಾರದೇ ಎಂದು ಕೇಳಬಹುದು. ಕೇಳತಕ್ಕ ಮಾತೇ. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು; ಅಷ್ಟು ಕಾಲ ಅಷ್ಟು ಸಂಖ್ಯೆಯಲ್ಲಿ ಮಾಡಿದ ಗಾಡಿಯಾದ್ದರಿಂದ ಬಿಡಿಭಾಗಗಳು ಹುಬ್ಬಳ್ಳಿಯಲ್ಲಿ ನನಗೆ ಇನ್ನೂ ಸಿಕ್ಕುತ್ತಿವೆ. ಸಿಕ್ಕದ ಕಾರಿನವರು ಬೇರೆ ಲೆಕ್ಕ ಹಾಕಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ತಪಾಸಣೆಗೊಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನನ್ನದು 2023ರಲ್ಲಿ ಆಯಿತು, 2028ರವರೆಗೆ ಸಾಗುತ್ತದೆ. 20 ವರ್ಷ ದಾಟಿದ ಕಾರುಗಳಿಗೆ ಈ ನವೀಕರಣದ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದರು. ಆ ಹೊತ್ತಿಗೆ ತಳದ ತಗಡಿಗೆ ತುಕ್ಕು ಹಿಡಿದಿದ್ದರೆ ನಾನೂ ಬಿಟ್ಟುಕೊಡುತ್ತೇನೆ. ಇಂಜಿನ್ನನ್ನು ಕಟ್ಟಬಹುದು, ಕೊಳೆತ ತಳವನ್ನು ಕಟ್ಟುವುದು ದುಬಾರಿ.

ಮಳೆ ಹಿಂದಾದ ಮೇಲೆ, ಖಂಡೇನವಮಿಗೆ ಎಂಟು ದಿನ ಮುಂಚೆ ಕಾರನ್ನು ಮೇಸ್ತ್ರಿಯ ಹತ್ತಿರ ಒಯ್ಯುವುದು ನಮ್ಮ ಮನೆಯಲ್ಲಿ ಪದ್ಧತಿಯಾಗಿದೆ. ಪೂಜೆಯ ದಿನ ಹೂಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ ಎಣ್ಣೆ ಹೊಸದಾಗಿರುತ್ತದೆ. ಮುಂದಿನ ಪೆಟ್ಟಿಗೆಯಲ್ಲಿ ನೂರು ಪುಟದ ಒಂದು ನೋಟುಬುಕ್ಕಿದೆ. ಅದರಲ್ಲಿ ಕಿಲೋಮೀಟರಿನ ಅಂಕಣಕ್ಕಿಂತ ಮುಂಚೆ ತಾರೀಖಿನ ಅಂಕಣ ಹಾಕಿದ್ದೇನೆ. ಕಳೆದ ಶ್ರಾವಣದಲ್ಲಿ ರಾತ್ರಿ ಒಂದೂವರೆಗೆ ನೆರೆಮನೆಯವರು ಬಾಗಿಲು ತಟ್ಟಿದಾಗ ಹೊರಗೆ ಜಡಿಮಳೆ. ಅವರ ಸೊಸೆಗೆ ನೋವು ಸುರುವಾಗಿತ್ತು. ಕಾರು ಒಂದೇ ತಿರುವಿಗೆ ಹೊರಟಿತು. ಮೂರೂವರೆಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಆ ದಿನದ ಸಾಲಿನಲ್ಲಿಯೂ ತಾರೀಖು ಬರೆದೆ. ಎಷ್ಟು ಕಿಲೋಮೀಟರು ಎಂದು ನೋಡಲು ಮರೆತೆ.