ಅಂಗಡಿಯಲ್ಲಿ ಸಿಗದ ಪಿನ್ನು

ಮಕ್ಕಳೇ, ಮುಂಬಯಿಯ ಮೋನೊರೈಲಿನ ಡಿಪೊ ಇರುವುದು ವಡಾಲದಲ್ಲಿ. 2014ರ ಫೆಬ್ರವರಿಯಲ್ಲಿ ಚೆಂಬೂರು ಮತ್ತು ವಡಾಲದ ನಡುವೆ ಓಡತೊಡಗಿದ ಈ ರೈಲಿಗೆ ಜೋಡಿ ಹಳಿಗಳಿಲ್ಲ, ಒಂದೇ ಕಾಂಕ್ರೀಟ್ ತೊಲೆ. ತೊಲೆಯ ಮೇಲೆ ಉರುಳುವ ರಬ್ಬರ್ ಚಕ್ರಗಳು ಭಾರ ಹೊರುತ್ತವೆ. ಎರಡೂ ಪಕ್ಕದಿಂದ ಒತ್ತಿ ಹಿಡಿದ ಚಿಕ್ಕ ಚಕ್ರಗಳು ರೈಲು ವಾಲದಂತೆ ಕಾಯುತ್ತವೆ.

ಈ ರೈಲುಗಳನ್ನು ಕಟ್ಟಿದ್ದು ಮಲೇಷ್ಯಾದ ಸ್ಕೋಮಿ ಕಂಪನಿ. 2018ರ ಕೊನೆಗೆ ಅದರ ಗುತ್ತಿಗೆ ರದ್ದಾಗಿ, ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಎಂ.ಎಂ.ಆರ್.ಡಿ.ಎ.) ತಾನೇ ರೈಲು ಓಡಿಸಲು ನಿಂತಾಗ ಬಿಡಿಭಾಗಗಳದೇ ತಲೆನೋವಾಯಿತು. ಸೈಕಲ್ಲಿನ ಬೇರಿಂಗ್ ಹೋದರೆ ಅಂಗಡಿಯಿಂದ ತರಬಹುದು. ಇಷ್ಟು ಅಪರೂಪದ ರೈಲಿನ ಭಾಗ ಯಾವ ಅಂಗಡಿಯಲ್ಲಿ ಸಿಕ್ಕೀತು?

ಸಿಗದಿದ್ದನ್ನು ಮಾಡಿಸಬೇಕು. ಬೇರಿಂಗಿನೊಳಗೆ ಕೂರುವ ಒಂದು ಉಕ್ಕಿನ ಪಿನ್ನು ಬೇಕಾಗಿದೆ ಎಂದಿಟ್ಟುಕೊಳ್ಳಿ. ವರ್ಕ್‌ಶಾಪಿಗೆ ಹೋಗಿ "ದಪ್ಪ 25 ಮಿಲಿಮೀಟರ್" ಎಂದರೆ ಉಕ್ಕು ಕಡೆಯುವ ಟರ್ನರ್ ಕೆಲಸ ಶುರು ಮಾಡುವುದಿಲ್ಲ. "ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ?" ಎಂದು ಕೇಳುತ್ತಾರೆ. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಕರಾರುವಾಕ್ಕಾಗಿ 25 ಬರುವ ಯಂತ್ರ ಜಗತ್ತಿನಲ್ಲೇ ಇಲ್ಲ. ಹಾಗಾಗಿ ಡ್ರಾಯಿಂಗಿನಲ್ಲಿ ಬರೆದುಕೊಡಬೇಕು: 0.02 ಮಿ.ಮೀ. ಕಮ್ಮಿಯಾದರೆ ಅಡ್ಡಿಯಿಲ್ಲ, ಹೆಚ್ಚು ಮಾತ್ರ ಆಗಲೇಬಾರದು. ಇದೇ ಟಾಲರೆನ್ಸ್. ನಮ್ಮ ತಲೆಗೂದಲು ಕೂಡ ಈ 0.02 ಮಿ.ಮೀ.ಗಿಂತ ದಪ್ಪ. ಪಿನ್ನಿನ ತಲೆ ಯಾವುದಕ್ಕೂ ತಾಗದೆ ಹೊರಗೇ ಇರುತ್ತದಲ್ಲ, ಅಲ್ಲಿ ಅರ್ಧ ಮಿ.ಮೀ. ಆಚೀಚೆಯಾದರೂ ನಷ್ಟವಿಲ್ಲ. ಅಲ್ಲೂ ಬಿಗಿ ಅಳತೆ ಕೇಳಿದರೆ ಸುಮ್ಮನೆ ದುಡ್ಡು ದಂಡ.

ಈಗ ಪಿನ್ನು ಕಡೆಯುವ ಯಂತ್ರವಾದ ಲೇತ್ ನೋಡೋಣ. ಅದರ ಹಿಡಿತವಾದ ಚಕ್ಕಿನಲ್ಲಿ ಬಿಗಿದ ಉಕ್ಕಿನ ಸರಳು ಗಿರ್ರನೆ ತಿರುಗುತ್ತದೆ. ಟೂಲ್ ತಾನು ತಿರುಗದೆ, ಸರಳಿನ ಉದ್ದಕ್ಕೂ ಮೆಲ್ಲನೆ ಸರಿಯುತ್ತಾ ಅದನ್ನು ಹೆರೆಯುತ್ತದೆ. ಸುರುಳಿ ಸುರುಳಿಯಾಗಿ ಬೀಳುವ ಉಕ್ಕಿನ ಸಿಪ್ಪೆ ಒಮ್ಮೊಮ್ಮೆ ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಗೆ ಗಾಳಿಯ ಆಮ್ಲಜನಕ ಸೇರಿ ಮೇಲೆ ತೆಳು ಪದರ ಕಟ್ಟಿದ್ದರ ಬಣ್ಣ ಅದು. ಮುಟ್ಟೀರಿ ಜೋಕೆ, ಕೈ ಸುಡುತ್ತದೆ, ಕೊಯ್ಯುತ್ತದೆ ಕೂಡ.

ಬಿಸಿ ಇನ್ನೊಂದು ಆಟವನ್ನೂ ಆಡುತ್ತದೆ. ಕಾದ ಉಕ್ಕು ಹಿಗ್ಗುತ್ತದೆ. ಪಿನ್ನು 60 ಡಿಗ್ರಿ ಸೆಲ್ಸಿಯಸ್ ಇರುವಾಗಲೇ ಅಳೆದು 24.985 ಮಿ.ಮೀ. ಬಂತೆಂದು ಖುಷಿಪಟ್ಟರೆ, 20 ಡಿಗ್ರಿಗೆ ತಣಿದಾಗ ಅದು ಸುಮಾರು 24.973ಕ್ಕೆ ಕುಗ್ಗಿರುತ್ತದೆ. ನಾವು ಕೇಳಿದ್ದು 24.98ಕ್ಕಿಂತ ಕಮ್ಮಿಯಾಗದ ಪಿನ್ನು. ಹೋಯಿತಲ್ಲ! ಒಬ್ಬರು ಚಳಿಯಲ್ಲಿ, ಇನ್ನೊಬ್ಬರು ಸೆಕೆಯಲ್ಲಿ ಅಳೆದು ಜಗಳವಾಗಬಾರದೆಂದು, ಇಂಥ ಅಳತೆಗಳಿಗೆ 20 ಡಿಗ್ರಿಯೇ ಆಧಾರ ಎಂದು 1931ರಲ್ಲೇ ಅಂತಾರಾಷ್ಟ್ರೀಯ ಒಪ್ಪಂದವಾಗಿದೆ. ಅದಕ್ಕೇ ನುರಿತ ಟರ್ನರ್ ಪಿನ್ನು ತಣಿಯಲು ಬಿಟ್ಟು, ಆಮೇಲೆ ಅಳೆಯಲು ಮೈಕ್ರೋಮೀಟರ್ ಹಿಡಿಯುತ್ತಾರೆ.

ಇಷ್ಟಾಗಿ ಪಿನ್ನಿನ ಬೆಲೆ? ಒಂದೇ ಒಂದು ಮಾಡಿಸಿದರೆ ದುಬಾರಿ. ಡ್ರಾಯಿಂಗ್ ಓದಿ, ತಕ್ಕ ಉಕ್ಕು ಆರಿಸಿ, ಟೂಲ್ ಕೂರಿಸಿ, ಮೊದಲನೆಯದನ್ನು ಅಳೆದು ಸರಿಮಾಡುವುದರಲ್ಲೇ ಹೆಚ್ಚು ಹೊತ್ತು ಹೋಗಿರುತ್ತದೆ. ಎರಡನೆಯದು ಬೇಗ ಆಗುತ್ತದೆ, ಹತ್ತನೆಯದು ಇನ್ನೂ ಬೇಗ. ಹೇಗೂ ಮತ್ತೆ ಸವೆಯುವ ಭಾಗವಾದರೆ ನಾಲ್ಕು ಹೆಚ್ಚಿಗೆ ಮಾಡಿಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟುಕೊಳ್ಳುವುದು ಒಳ್ಳೆಯದು.